ಅರ್ಧ ಇಂಚಿಗೆ ಮೂರು ಗಂಟೆ

ಮ್ಯಾರಿಯನ್, ಇಂಡಿಯಾನಾ
ಅಕ್ಟೋಬರ್ ೧೧, ಶನಿವಾರ

ಪ್ರೀತಿಯ ತಮ್ಮ ಥರ್ಮನ್‌ಗೆ,

ಕೈ ಹೇಗಿದೆ? ಎಣ್ಣೆ ಹಾರಿ ಸುಟ್ಟುಕೊಂಡೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಹಡಗಿನಲ್ಲಿ ಮೂವತ್ತು ಜನಕ್ಕೆ ಅಡುಗೆ ಮಾಡುವವನು ಗಾಯಕ್ಕೆ ಬಟ್ಟೆ ಕಟ್ಟಿಕೊಂಡೇ ಒಲೆ ಮುಂದೆ ನಿಲ್ಲಬೇಕು, ನಾಚಿಕೆ ಪಡಬೇಡ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ನಾನು ಡಾಕ್ಟರ ಮಾತು ಕೇಳುವಷ್ಟೇ ನನ್ನ ಮಾತು ಕೇಳುತ್ತದೆ. ಫೋನಿನಲ್ಲಿ ಚೆಂಡಿನ ಸುದ್ದಿ ಎತ್ತಿದ ಕೂಡಲೇ ನಿನ್ನ ಸರೋವರದಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಅದಕ್ಕೇ ಈ ಕಾಗದ. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದು ಬಕೆಟ್ಟಿನಲ್ಲಿ ಹಾಕಿದ್ದನ್ನು ನೀನು ಮೇಲೆಳೆದುಕೊಳ್ಳಲೇಬೇಕು.

ಮೊದಲು ಖರ್ಚು ಹೇಳಿಬಿಡುತ್ತೇನೆ. ಷಿಕಾಗೊದ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ ಪರೀಕ್ಷೆಗೆ ನಿನ್ನ ಮಗ ಏಮಸ್‌ನ ಹೆಸರು ಬರೆಸಲು ಇನ್ನೂರೈವತ್ತು ಡಾಲರ್. ತೊಂಬತ್ತಾರು ಹುಡುಗರು ಅಷ್ಟಷ್ಟೇ ಕೊಟ್ಟಿದ್ದರು, ಆಯ್ಕೆಯಾಗುವವರು ನಾಲ್ಕೇ ಜನ. ಇಂಥ ವ್ಯಾಪಾರ ನನಗೆ ಮೊದಲೇ ಹೊಳೆದಿದ್ದರೆ ಹಾಸಿಗೆ ಅಂಗಡಿ ಯಾಕೆ ಇಡುತ್ತಿದ್ದೆ. ಪೆಟ್ರೋಲಿಗೆ ಅರವತ್ತೆರಡು. ಸೆಪ್ಟೆಂಬರಿನ ಕೊನೆಯಲ್ಲಿ ಅಂಗಡಿ ಮುಚ್ಚಿದ ಒಂದು ಶನಿವಾರ. ಮತ್ತೆ ಮಾರಲಾಗದಂತೆ ಕೊಳೆಯಾದ ಒಂದು ಹಾಸಿಗೆ. ಏಮಸ್ ಅಂಗಾತ ಮಲಗಿದ ಮೂರು ಗಂಟೆ. ಇಷ್ಟಕ್ಕೆಲ್ಲ ನಮಗೆ ಸಿಕ್ಕಿದ್ದು ಅರ್ಧ ಇಂಚು.

ಅದು ಹೇಗೆಂದರೆ, ಕಾಲೇಜು ತಂಡದ ಪುಸ್ತಕದಲ್ಲಿ ನಾಲ್ಕು ವರ್ಷವೂ ಏಮಸ್ ಆರಡಿ. ಅದರಲ್ಲಿ ಬೂಟು, ಕೂದಲು, ಕೋಚ್‌ಗೆ ದೇವರ ಮೇಲಿದ್ದ ಭರವಸೆ ಎಲ್ಲ ಸೇರಿತ್ತು. ಸಂಬಳ ಕೊಡುವ ತಂಡದವರು ಬರಿಗಾಲಲ್ಲಿ ನಿಲ್ಲಿಸಿ ಅಳೆಯುತ್ತಾರೆ. ನಮ್ಮ ಮನೆ ಬಾಗಿಲ ಚೌಕಟ್ಟಿನ ಪ್ರಕಾರ ಅವನು ಐದಡಿ ಎಂಟು ಮುಕ್ಕಾಲು ಇಂಚು. ಈ ಪರೀಕ್ಷೆಯಲ್ಲಿ ಆಗದಿದ್ದರೆ ಚೆಂಡು ಎತ್ತಿಟ್ಟು ನಿನ್ನ ಹಡಗು ಹತ್ತುತ್ತೇನೆ, ಮತ್ತೆ ಆ ಮಾತೇ ಬೇಡ ಎಂದು ಅವನೇ ಹೇಳಿದ್ದ. ಈ ತಿಂಗಳ ಒಂಬತ್ತನೇ ತಾರೀಖಿಗೆ ನಿನ್ನ ಅಡುಗೆಮನೆಯಲ್ಲಿ ಅವನಿಗೆ ಜಾಗ ಕಾದಿತ್ತು. ನಾನೋ, ರಾತ್ರಿ ನೆಟ್ಟಗೆ ಮಲಗಿದರೆ ಬೆಳಿಗ್ಗೆ ಎತ್ತರವಾಗಿ ಏಳುತ್ತೀರಿ ಎಂದು ಗಿರಾಕಿಗಳಿಗೆ ಇಪ್ಪತ್ತಾರು ವರ್ಷದಿಂದ ಹೇಳಿಕೊಂಡು ಬಂದವಳು. ಆ ವಾರ ಮೊದಲ ಸಲ ನನ್ನ ಮಾತನ್ನು ನಾನೇ ನಂಬಿದೆ. ನಿದ್ದೆಯಲ್ಲಿ ಹಿಗ್ಗಿದ ಬೆನ್ನುಮೂಳೆ ಓಡಾಡಿದರೆ ಕುಗ್ಗುತ್ತದಂತೆ. ಅದಕ್ಕೆ ವ್ಯಾನಿನ ಹಿಂದೆ ಹಾಸಿಗೆ ಹಾಕಿ, ದಿಂಬಿಲ್ಲದೆ ಅವನನ್ನು ಮಲಗಿಸಿ, ಷಿಕಾಗೊವರೆಗೆ ಏಳಬಾರದು ಎಂದು ಆಣೆ ಮಾಡಿಸಿದೆ. ತಿಂಡಿಯನ್ನೂ ಮಲಗಿಕೊಂಡೇ ತಿಂದ. ಹಾಸಿಗೆ ಕೊಳೆಯಾದದ್ದು ಹಾಗೆ.

ವ್ಯಾನಿನಿಂದ ಅಳತೆಗೋಲಿಗೆ ಇಪ್ಪತ್ತೆಂಟು ಹೆಜ್ಜೆ. ಐದಡಿ ಒಂಬತ್ತೂ ಕಾಲು ಬಂತು. ನಾನು ಗೆದ್ದವಳಂತೆ ಅಳೆಯುವವನ ಮುಖ ನೋಡಿದರೆ ಅವನು ತಲೆ ಎತ್ತದೆಯೇ ಬರೆದುಕೊಂಡ. "ಆರಡಿ ಕೆಳಗಿನವರೆಲ್ಲ ನಮಗೆ ಕುಳ್ಳರೇ, ಅಮ್ಮಾ. ಎಷ್ಟು ಕುಳ್ಳ ಅಂತ ಯಾರೂ ಕೇಳಲ್ಲ," ಎಂದ.

ಆಮೇಲೆ ನಡೆದದ್ದು ಕೇಳು. ಮೂರು ಗಂಟೆ ಹೆಣದ ಹಾಗೆ ಮಲಗಿದ್ದವನ ಸೊಂಟ ಮರಗಟ್ಟಿಹೋಗಿತ್ತು. ಮೊದಲ ಆಟದಲ್ಲಿ ಮೂರು ಸಲ ಅವನ ಕೈಯಿಂದಲೇ ಚೆಂಡು ಕಿತ್ತುಕೊಂಡರು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಪ್ಪ, ನಿಮ್ಮ ಹುಡುಗ ನೀರು ಕೊಡೋಕೆ ಬಂದಿದಾನಾ ಎಂದು ಕೇಳಿದ. ಹೌದು, ನಿಮ್ಮ ಹುಡುಗನ್ನ ಬಾಯಾರೋವರೆಗೆ ಓಡಿಸಿ ಆಮೇಲೆ ಕೊಡ್ತಾನೆ ಎಂದೆ. ಬಾಯಿಗೇನೋ ಉತ್ತರ ಬಂತು, ಆದರೆ ಅವನನ್ನು ಕುಂಟುವ ಹಾಗೆ ಮಾಡಿದ್ದು ನಾನೇ ತಾನೆ. ಬಿಡುವಿನಲ್ಲಿ ಹೋಗಿ ತಪ್ಪಾಯಿತು ಎಂದೆ. ಅವನು ಕಾಲು ಚಾಚಿಕೊಂಡು, "ವಾಪಸ್ ಹೋಗೋವಾಗ ಕೂತ್ಕೊಂಡು ಹೋಗೋಣ ಅತ್ತೆ," ಎಂದಷ್ಟೇ ಹೇಳಿದ.

ಎರಡನೇ ಆಟದಲ್ಲಿ ಅವನ ಜೊತೆಗೆ ಬಾಯ್ಡ್ ಎಂಬ ಓಹಾಯೋದ ಹುಡುಗನನ್ನು ಹಾಕಿದರು. ಆರಡಿ ಹತ್ತು ಇಂಚು, ಮುಖ ಮಾತ್ರ ದಾರಿ ತಪ್ಪಿದ ಮಗುವಿನದು. ಅಲ್ಲಿ ಎಲ್ಲರೂ ತಮ್ಮ ತಮ್ಮ ಪಾಡಿಗೆ ಗುರಿಯಿಡುವವರೇ. ಆ ಹುಡುಗನಿಗೆ ಬೆಳಿಗ್ಗೆಯಿಂದ ಒಂದು ಚೆಂಡೂ ಸಿಕ್ಕಿರಲಿಲ್ಲ. ಏಮಸ್ ಅವನ ಕಿವಿಯಲ್ಲಿ ಏನೋ ಹೇಳಿದ. ಅಲ್ಲಿಂದ ಶುರುವಾಯಿತು. ಬಾಯ್ಡ್ ಓಡಿ ಕೈ ಎತ್ತುವುದರೊಳಗೆ ಚೆಂಡು ಅಲ್ಲಿರುತ್ತಿತ್ತು. ನಿನ್ನ ಮಗ ದೊಡ್ಡವರ ಕಂಕುಳ ಕೆಳಗೆ ನುಸುಳಿ, ಎಡಕ್ಕೆ ನೋಡಿ, ಬಲಕ್ಕೆ ಕೊಡುತ್ತಿದ್ದ. ನಾನು ಎಣಿಸಿದೆ. ಬಾಯ್ಡ್ ಏಳು ಸಲ ಬುಟ್ಟಿಗೆ ಹಾಕಿದ, ನಮ್ಮವನು ಎರಡೇ ಸಲ. ಸಂಜೆ ಗೋಡೆಗೆ ಅಂಟಿಸಿದ ನಾಲ್ಕು ಹೆಸರಲ್ಲಿ ಬಾಯ್ಡ್ ಇದ್ದ. ಏಮಸ್ ಇರಲಿಲ್ಲ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಪರೀಕ್ಷೆ ನಿಂದೋ ಅವಂದೋ, ನಮ್ಮ ದುಡ್ಡಲ್ಲಿ ಅವನನ್ನ ಪಾಸು ಮಾಡಿಸಿದ್ಯಲ್ಲ ಎಂದು ರೇಗಿದೆ. ಅವನು ಕಿಟಕಿಯಾಚೆ ಜೋಳದ ಹೊಲ ನೋಡುತ್ತಲೇ, "ನನ್ನ ಎತ್ತರದವನಿಗೆ ಇರೋ ಕೆಲಸ ಅದೊಂದೇ ಅತ್ತೆ. ಅವನು ಎತ್ತರ ಇರೋದಕ್ಕೆ ಸಂಬಳ ತಗೋತಾನೆ. ಆ ಎತ್ತರ ಕೆಲಸಕ್ಕೆ ಬರೋ ಹಾಗೆ ಮಾಡೋದಕ್ಕೆ ನನಗೆ ಯಾರಾದ್ರೂ ಕೊಡ್ಬೇಕು. ಕೊಡಲ್ಲ ಅಂದ್ರೆ ಅಪ್ಪನ ಜೊತೆ ಆಲೂಗಡ್ಡೆ ಸುಲೀತೀನಿ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮರುದಿನದಿಂದ ಅವನು ಹಡಗಿಗೆ ಗಂಟು ಕಟ್ಟತೊಡಗಿದ. ಉಣ್ಣೆಯ ಕಾಲುಚೀಲ ಕೊಂಡ. ಬೂಟುಗಳನ್ನು ಡಬ್ಬಿಗೆ ಹಾಕಿ ನನ್ನ ಅಂಗಡಿಯ ಅಟ್ಟಕ್ಕೆ ಸೇರಿಸಿದ. ಒಂದು ದಿನವೂ ಆಟದ ಮೈದಾನಕ್ಕೆ ಹೋಗಲಿಲ್ಲ. ನಾನು ಅಂಗಡಿಯಲ್ಲಿ ಒಬ್ಬರಿಗೆ ಹಾಸಿಗೆ ಎಂದು ಹೇಳಿ ಬರೀ ಮಂಚ ಕಳಿಸಿಬಿಟ್ಟೆ. ಹಾಗಿತ್ತು ನನ್ನ ತಲೆ.

ಏಳನೇ ತಾರೀಖು ಮಂಗಳವಾರ ಬಾಯ್ಡ್ ಫೋನ್ ಮಾಡಿದ. ಅವನು ಷಿಕಾಗೊದವರನ್ನು ಬಿಟ್ಟು ಪೋಲೆಂಡಿನ ಒಂದು ಊರಿನ ತಂಡಕ್ಕೆ ಹೋಗುತ್ತಿದ್ದಾನೆ. ಆ ಊರಿನ ಹೆಸರನ್ನು ನಾನು ನೋಡಿಕೊಂಡು ಬರೆಯಬಲ್ಲೆ, ಓದಲಾರೆ. ಅಲ್ಲಿನ ಕೋಚ್ ಆ ಎರಡನೇ ಆಟದ ವೀಡಿಯೊ ನೋಡಿ, ಈ ಉದ್ದನೆಯವನು ಎಲ್ಲಿರುತ್ತಾನೆ ಎಂದು ಅವನಿಗಿಂತ ಮೊದಲೇ ಗೊತ್ತಿರುವ ಆ ಗಿಡ್ಡ ಯಾರು ಎಂದು ಕೇಳಿದನಂತೆ. ಅವರಲ್ಲಿ ಚೆಂಡು ಹಂಚುವ ಆಟಗಾರ, ಗಾರ್ಡ್ ಅನ್ನುತ್ತಾರಲ್ಲ ಅವನು, ಮಣಿಕಟ್ಟು ಮುರಿದುಕೊಂಡು ಮನೆಗೆ ಹೋಗಿದ್ದ. ಏಳು ತಿಂಗಳ ಕರಾರು, ತಿಂಗಳಿಗೆ ಸಾವಿರದ ಐನೂರು ಯೂರೊ, ಬಾಯ್ಡ್ ಜೊತೆ ಒಂದೇ ಕೋಣೆ. ಮೊದಲ ಆರು ವಾರ ಬರೀ ಪರೀಕ್ಷೆ, ಹಿಡಿಸದಿದ್ದರೆ ವಾಪಸ್ ಕಳಿಸುತ್ತಾರೆ. ಎತ್ತರ ಎಷ್ಟೆಂದು ಕೇಳಿದರಂತೆ. ಏಮಸ್ ನಮ್ಮ ಬಾಗಿಲ ಅಳತೆಯನ್ನೇ ಹೇಳಿದ. ಅಪ್ಪನಿಗೆ ಏನು ಹೇಳೋದು, ಅಲ್ಲಿ ಜಾಗ ಇಟ್ಟಿದಾರಲ್ಲ ಎಂದು ಒದ್ದಾಡಿದ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನಿನ್ನೆ ವಿಮಾನ ಹತ್ತಿಸಿ ಬಂದೆ.

ಗೆಲ್ಲುತ್ತಾನಾ ಎಂದು ಕೇಳಬೇಡ. ಅವನಿಗಿಂತ ಒಂದಡಿ ಎತ್ತರದವರು ದಿನವೂ ಅವನ ಮೇಲೆ ಬೀಳುತ್ತಾರೆ. ಒಂದು ಮಂಡಿ ತಿರುಚಿದರೂ ಮುಗಿಯಿತು. ಆರು ವಾರ ಕಳೆಯಲಿ, ಹೇಳುತ್ತೇನೆ.

ಕೈ ಜೋಪಾನ. ನಿನ್ನ ಸರೋವರಕ್ಕೆ ನವೆಂಬರಿನ ಗಾಳಿ ಬರುವ ಮುಂಚೆ ದೇವರು ನಿನ್ನನ್ನು ದಡಕ್ಕೆ ತರಲಿ.

ಇತಿ ನಿನ್ನ ಅಕ್ಕ,
ವರ್ನೀಟಾ

ಮರೆತಿದ್ದೆ: ಮರೆತಿರಲಿಲ್ಲ, ಮುಂದೂಡುತ್ತಿದ್ದೆ. ಏಮಸ್ ಕೆಲಸಕ್ಕೆ ಬರುತ್ತಾನಾ ಎಂದು ಕೇಳಲು ನಿನ್ನ ಹಡಗಿನ ಕಚೇರಿಯವಳು ಅಂಗಡಿಗೆ ಫೋನ್ ಮಾಡಿದ್ದು ಮೊದಲನೇ ತಾರೀಖು, ಬುಧವಾರ. ಬಾಯ್ಡ್ ಮಾತಾಡುವುದಕ್ಕೆ ಆರು ದಿನ ಮುಂಚೆ. ಏಮಸ್ ಮಂಚ ಇಳಿಸಲು ಹೋಗಿದ್ದ. ಫೋನ್ ಬಂದರೆ ಬರ್ತೀನಿ ಅಂತ ಹೇಳಿಬಿಡು ಎಂದು ನನಗೆ ಹೇಳಿಯೇ ಹೋಗಿದ್ದ. ನಾನು, ಅವನು ಬರಲ್ಲ ಎಂದೆ. ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ, ಥರ್ಮನ್. ಅವನು ಆರು ದಿನ ಇಲ್ಲದ ಕೆಲಸಕ್ಕೆ ಗಂಟು ಕಟ್ಟಿದ, ನಾನು ನೋಡುತ್ತಾ ಕೂತಿದ್ದೆ. ಅವನಿಗೆ ಇನ್ನೂ ಗೊತ್ತಿಲ್ಲ. ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ಬೈಯುವುದಾದರೆ ನನ್ನನ್ನು ಬೈಯಿ, ಅವನು ನಿನ್ನ ಮಾತು ಮೀರಲಿಲ್ಲ.

ಬಾಯ್ಡ್‌ಗೆ ಚೆಂಡು ಕೊಡುವವನು ಸಿಕ್ಕ. ಕಚೇರಿಯವಳು ಅಂದ ಹಾಗೆ, ಸರದಿಯಲ್ಲಿ ಕಾದಿದ್ದ ಟೊಲೀಡೊದ ಎರಡು ಮಕ್ಕಳ ತಂದೆಗೆ ನಿನ್ನ ಅಡುಗೆಮನೆಯ ಕೆಲಸ ಸಿಕ್ಕಿತು. ಏಮಸ್‌ಗೆ ಆರು ವಾರ. ನಿನಗೆ ಏನೂ ಇಲ್ಲ. ನನಗೆ ಆ ಆರು ದಿನ.