ಮರುಮದುವೆ ಆಗಿರಬಾರದು ಎಂಬ ಸಾಲು

ದಲಸಿಂಗ್‌ಸರಾಯ್
ಆಗಸ್ಟ್ ೧೨, ಸೋಮವಾರ ಮಧ್ಯಾಹ್ನ

ಹಟಮಾರಿ ಸೊಸೆ ಕುಮುದಳಿಗೆ ಅತ್ತೆ ಕೌಲೇಸರಿಯ ಆಶೀರ್ವಾದಗಳು, ಕೋಪದಲ್ಲಿ ಖರ್ಚಾಗಿ ಉಳಿದಷ್ಟು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಜೂಹಿ ಮೂರು ಹೊತ್ತು ತಿನ್ನುತ್ತಾಳೆ, ನಾಲ್ಕು ಹೊತ್ತು ವಾದ ಮಾಡುತ್ತಾಳೆ. ಹದಿನಾಲ್ಕಕ್ಕೇ ಹೀಗಾದರೆ ಮುಂದೆ ಇವಳನ್ನು ಕಟ್ಟಿಕೊಳ್ಳುವವನ ಗತಿ ನೆನೆದು ಒಬ್ಬಳೇ ನಗುತ್ತೇನೆ. ಸೆಕೆ ವಿಪರೀತ. ಹೀರೆ ಬಳ್ಳಿ ಚಾವಣಿ ಹತ್ತಿ ಪಕ್ಕದ ಮನೆಯವರ ಕಡೆಗೆ ಇಳಿದಿದೆ. ಕಾಯೆಲ್ಲ ಅವರ ಪಾಲು, ಬೇರಿಗೆ ನೀರು ಹಾಕುವುದು ನನ್ನ ಪಾಲು. ನಿನ್ನ ಪಟನಾದ ಹಾಸ್ಟೆಲಿನ ಅನ್ನ ಹೇಗಿದೆಯೋ. ಫೋನಿನಲ್ಲಿ ಚೆನ್ನಾಗಿದೆ ಎನ್ನುತ್ತೀಯ, ದನಿ ಮಾತ್ರ ಅರ್ಧ ಹೊಟ್ಟೆಯವಳದು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಎರಡು ಆಡುತ್ತೀಯ, ನಡುವೆ ಜೂಹಿ ಕಿವಿ ತೂರಿಸುತ್ತಾಳೆ. ಈಗ ಹೇಳಬೇಕಾಗಿರುವುದನ್ನು ಯಾರೂ ಅಡ್ಡ ಬಾಯಿ ಹಾಕದೆ ಕೇಳಬೇಕು. ನಿನ್ನ ಮುಖ ನೋಡಿಕೊಂಡಾಗಲಿ, ದನಿ ಕೇಳಿಕೊಂಡಾಗಲಿ ಇದನ್ನು ಹೇಳುವ ಧೈರ್ಯ ನನಗಿಲ್ಲ. ನಮ್ಮ ಬ್ಯಾಂಕಿನ ಝಾಜಿಯ ಹೆಂಡತಿ ನಾಳೆ ಬೆಳಗಿನ ಗಾಡಿಗೆ ಪಟನಾಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೇ ಮಡಚಿಟ್ಟು ಅಳುತ್ತ ಕೂರಬೇಡ.

ಗುರುವಾರ ನೀನು ಫೋನು ಮಾಡಿ ಏನೆಂದೆ, ನೆನಪಿದೆಯಾ? "ಅಮ್ಮಾ, ಈ ಸಲ ಬ್ಯಾಂಕಿನ ಫಾರ್ಮ್ ತುಂಬೋದು ಬೇಡ ಅನ್ಕೊಂಡಿದೀನಿ" ಎಂದೆ. ಮುಂದೆ ಇನ್ನೂ ಎಷ್ಟೋ ಸಲ ಇರುವ ಹಾಗೆ! ಬರುವ ಛಠ್ ಹಬ್ಬಕ್ಕೆ ನಿನಗೆ ಮೂವತ್ತೆಂಟು ತುಂಬುತ್ತದೆ. ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಎಲ್ಲರಿಗೂ ಇಪ್ಪತ್ತೆಂಟಕ್ಕೇ ಬಾಗಿಲು ಮುಚ್ಚುತ್ತದೆ. ಗಂಡ ಸತ್ತವಳು ಎಂಬ ಕಾರಣಕ್ಕೆ, ಹಿಂದುಳಿದ ವರ್ಗದವಳು ಎಂಬ ಕಾರಣಕ್ಕೆ ನಿನಗೆ ಮೂವತ್ತೆಂಟರವರೆಗೆ ತೆರೆದಿಟ್ಟಿದ್ದಾರೆ. ಮುಂದಿನ ವರ್ಷ ಕಂಪ್ಯೂಟರು ನಿನ್ನ ಹುಟ್ಟಿದ ತಾರೀಖು ನೋಡಿಯೇ ಫಾರ್ಮನ್ನು ವಾಪಸ್ ಎಸೆಯುತ್ತದೆ. ಇಪ್ಪತ್ತೊಂದನೇ ತಾರೀಖು ಕೊನೆ, ಅದು ಈ ಸಲದ ಕೊನೆ ಮಾತ್ರವಲ್ಲ.

ಯಾಕೆ ಎಂದು ಕೇಳಿದರೆ ಲೆಕ್ಕ ಕಷ್ಟ ಎಂದೆ. ನೀನು ಸಂತೆಗೆ ಬಂದರೆ ತರಕಾರಿಯವನು ತಕ್ಕಡಿ ಮುಟ್ಟಲು ಹೆದರುತ್ತಾನೆ, ನಿನಗೆ ಲೆಕ್ಕ ಕಷ್ಟವೇ? ಮಗಳನ್ನು ಶಾಲೆಗೆ ಕಳಿಸಿ, ಹೊಲಿಗೆ ಮುಗಿಸಿ, ಮುಕ್ತ ವಿಶ್ವವಿದ್ಯಾಲಯದ ಪುಸ್ತಕ ಹಿಡಿದು ಮೂರು ವರ್ಷ ಕೂತು ಬಿ.ಎ. ಮಾಡಿದವಳು ನೀನು. ಫಲಿತಾಂಶ ಜೂನಿನಲ್ಲಿ ಬಂತು. ಆಗಸ್ಟಿನ ಕೊನೆಗೆ ಜಾರಿದ್ದರೆ ಅದೂ ಈ ಸಲದ ಅರ್ಹತೆಗೆ ಸಿಗುತ್ತಿರಲಿಲ್ಲ. ಕಂಪ್ಯೂಟರ್ ಸರ್ಟಿಫಿಕೇಟಿಗಾಗಿಯೇ ಅಲ್ಲಿ ಹೋಗಿ ಕೂತಿದ್ದೀಯ. ಇಷ್ಟೆಲ್ಲ ಮಾಡಿ ಹೊಸಿಲಲ್ಲಿ ನಿಂತು ಬೇಡ ಎಂದರೆ ನಾನು ನಂಬುತ್ತೇನೆಯೇ? ಎರಡು ದಿನ ನಿನ್ನನ್ನು ಮನಸ್ಸಿಗೆ ಬಂದಂತೆ ಬೈದುಕೊಂಡು ಓಡಾಡಿದೆ. ಕಾರಣ ಗೊತ್ತಾಗಿದ್ದು ನಿನ್ನೆ.

ನಾನು ಹಿಟ್ಟು ನಾದುತ್ತಿದ್ದೆ. ಜೂಹಿ ಬಂದು ಬಾಗಿಲಿಗೆ ಒರಗಿ, "ಅಜ್ಜೀ, ಅಮ್ಮನ್ನ ಯಾಕೆ ಬೈತೀಯಾ? ನೀನೇ ಅಲ್ವಾ ಹೇಳಿದ್ದು, ಬ್ಯಾಂಕ್ ಕೆಲಸ ಸಿಕ್ಕಿದ್ರೆ ಅವ್ಳು ಮತ್ತೆ ಮದುವೆನೇ ಆಗೋ ಹಾಗಿಲ್ಲ ಅಂತ?" ಎಂದಳು.

"ನಾನು ಯಾರಿಗೆ ಹೇಳ್ದೆ?"

"ಶಿವಪೂಜನ್ ಚಾಚಾಗೆ. ನಾನು ಒಳಗಿದ್ದೆ, ಕೇಳಿಸ್ಕೊಂಡೆ. ಬುಧವಾರ ಅಮ್ಮಂಗೆ ಫೋನಲ್ಲಿ ಹೇಳ್ದೆ. ಅವ್ಳು ಫೋನ್ ಇಟ್ಬಿಟ್ಳು."



ಈಗ ನಾನು ನಿನಗೆ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ನೀನು ಪಟನಾಕ್ಕೆ ಹೋದ ಮೇಲಿನ ಭಾನುವಾರ ಶಿವಪೂಜನ್ ಮನೆಗೆ ಬಂದಿದ್ದ. ಸ್ಟೇಷನ್ ರಸ್ತೆಯಲ್ಲಿ ಫಾರ್ಮ್ ತುಂಬಿಕೊಡುವ ಅಂಗಡಿಯ ಶಿವಪೂಜನ್ ಎಂದು ನಾನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಬಿ.ಎ. ಫಾರ್ಮನ್ನು ಅವನು ಒಂದೇ ಗಳಿಗೆಯಲ್ಲಿ ತುಂಬಬಹುದಿತ್ತು, ಅದಕ್ಕೆ ನೀವಿಬ್ಬರೂ ಮೂರು ದಿನ ತೆಗೆದುಕೊಂಡಿರಿ. ನನಗೆ ಕಣ್ಣು ಕಾಣುತ್ತದೆ. ಬಂದವನು ಪರ್ವಲ್ ಮಿಠಾಯಿಯ ಡಬ್ಬಿ ಪಕ್ಕಕ್ಕಿಟ್ಟು ಮಂಚದ ತುದಿಯಲ್ಲಿ, ಎದ್ದು ಓಡಲು ಅನುಕೂಲವಾಗುವ ಹಾಗೆ ಕೂತ.

"ಚಾಚಿ, ಕುಮುದ ಅವರ ವಿಷ್ಯ ಒಂದು ಮಾತು ಕೇಳ್ಬೇಕಿತ್ತು" ಎಂದ.

"ಯಾವ ಫಾರ್ಮಪ್ಪಾ?" ಎಂದೆ.

"ಫಾರ್ಮ್ ವಿಷ್ಯ ಅಲ್ಲ ಚಾಚಿ."

ನಲವತ್ತಮೂರು ವರ್ಷದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನಾನು ನೋಡಿರಲಿಲ್ಲ. ಮೂವರು ತಂಗಿಯರ ಮದುವೆ ಮಾಡುವುದರಲ್ಲಿ ತನ್ನ ವಯಸ್ಸು ಹೋಯಿತು ಎಂದ. ನಿನ್ನನ್ನು ಇನ್ನೂ ಏನೂ ಕೇಳಿಲ್ಲ, ಮೊದಲು ಹಿರಿಯಳಾದ ನನ್ನನ್ನು ಕೇಳುವುದು ಸರಿ ಅನ್ನಿಸಿತು ಎಂದ. ಜೂಹಿಯ ಓದು ತನ್ನ ಜವಾಬ್ದಾರಿ ಎಂದ. ಇಷ್ಟು ಹೇಳುವುದರಲ್ಲಿ ಎರಡು ಲೋಟ ನೀರು ಕುಡಿದ.

ನಾನು ಏನು ಮಾಡಿದೆ ಗೊತ್ತಾ? ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ನೋಡಪ್ಪಾ, ಅವಳು ವಿಧವೆಯರ ರಿಯಾಯಿತಿಯಲ್ಲಿ ಪರೀಕ್ಷೆ ಬರೀತಿರೋದು. ಮರುಮದುವೆ ಆಗಿರಬಾರದು ಅಂತ ಕಾಗದದಲ್ಲೇ ಇದೆ. ಆ ರಿಯಾಯಿತಿ ತಗೊಂಡೋರು ರಿಟೈರ್ ಆಗೋವರೆಗೂ ಮದುವೆ ಆಗಂಗಿಲ್ಲ. ಹಂಗೂ ಆದ್ರೆ ಕೆಲ್ಸ ಹೋಗುತ್ತೆ. ಇಪ್ಪತ್ತಾರು ವರ್ಷ ಬ್ಯಾಂಕಲ್ಲಿದ್ದೋಳು ಹೇಳ್ತಿದೀನಿ."

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಹಾಗಾ ಚಾಚಿ" ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಡಬ್ಬಿಯಲ್ಲಿದ್ದ ಮಿಠಾಯಿಯಲ್ಲಿ ನಾನೇ ನಾಲ್ಕು ತಿಂದೆ.

ಮೊದಲ ಅರ್ಧ ನಿಜ, ಎರಡನೆಯ ಅರ್ಧ ನನ್ನ ಸ್ವಂತ ಕಾನೂನು. ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ನಾನು ಕಸ ಗುಡಿಸಿದೆ, ಚಹಾ ಕೊಟ್ಟೆ, ಜನ ಹರಿದು ಬಿಸಾಡಿದ ಚೀಟಿಗಳನ್ನು ಜೋಡಿಸಿಕೊಂಡು ಅಕ್ಷರ ಕಲಿತೆ. ಕಾನೂನು ಕಲಿಯಲಿಲ್ಲ. ಆದರೆ ಬ್ಯಾಂಕಿನ ಹೆಸರು ಹೇಳಿದರೆ ಈ ಊರಿನಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ ಎಂಬುದನ್ನು ಚೆನ್ನಾಗಿ ಕಲಿತಿದ್ದೆ.

ಯಾಕೆ ಹೀಗೆ ಮಾಡಿದೆ ಎಂದರೆ, ಕನಿಯಾ, ನನ್ನ ಸೊಸೆಯೇ, ಹೆದರಿಕೆಯಿಂದ. ಬಿರೇಂದ್ರ ಹೋದಾಗ ನಿನ್ನ ತಮ್ಮ ಬಂದು ನಿನ್ನನ್ನು ತೌರಿಗೆ ಕರೆದ. ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಾಗಿತ್ತು. ನೀನು ನನ್ನ ಮುಖ ನೋಡಿ ಗಂಟು ಬಿಚ್ಚಿದೆ. ಒಂಬತ್ತು ವರ್ಷವಾಯಿತು. ನನ್ನ ಸೊಸೆ ನನ್ನನ್ನು ಬಿಟ್ಟು ಹೋಗಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಪಾತ್ರೆ ಸದ್ದಾಗುತ್ತಿದ್ದದ್ದು ನಿನ್ನಿಂದ. ಉಪ್ಪು ಹೆಚ್ಚಾಯಿತು ಎಂದು ನಾನು ಬೈಯಲು, ನಿಮ್ಮ ನಾಲಿಗೆ ಕೆಟ್ಟಿದೆ ಎಂದು ತಿರುಗಿ ಹೇಳಲು ಒಬ್ಬರು ಬೇಕಲ್ಲ. ನೀನೂ ಜೂಹಿಯೂ ಸ್ಟೇಷನ್ ರಸ್ತೆಗೆ ಹೋಗಿಬಿಟ್ಟರೆ ನಾನು ಯಾರ ಜೊತೆ ಜಗಳವಾಡಲಿ?

ಇನ್ನೊಂದು ಆಸೆಯೂ ಇತ್ತು. ಅಷ್ಟು ವರ್ಷ ಆ ಕೌಂಟರಿನ ಕುರ್ಚಿಗಳನ್ನು ಒರೆಸಿದ್ದೇನೆ. ಯಾರೂ ಇಲ್ಲದಾಗಲೂ ಒಂದು ದಿನ ಕೂತು ನೋಡಲಿಲ್ಲ. ನೀನು ಅಲ್ಲಿ ಕೂತಿರುವುದನ್ನು ಗ್ರಾಹಕರ ಸಾಲಿನಲ್ಲಿ ನಿಂತು ನೋಡಬೇಕು ಎನ್ನುವುದೊಂದೇ ನನಗೆ. ಕುರ್ಚಿಯಲ್ಲೂ ನೀನು ಬೇಕು, ನನ್ನ ಅಡುಗೆಮನೆಯಲ್ಲೂ ನೀನು ಬೇಕು. ಆ ಸುಳ್ಳಿನಿಂದ ಎರಡೂ ಸಿಗುತ್ತವೆ ಎಂದುಕೊಂಡೆ. ಅಕಸ್ಮಾತ್ ನಿನ್ನ ಕಿವಿಗೆ ಬಿದ್ದರೂ ಕೆಲಸವನ್ನೇ ಹಿಡಿಯುತ್ತಾಳೆ, ಅವನನ್ನು ಬಿಡುತ್ತಾಳೆ ಎಂಬ ಧೈರ್ಯವಿತ್ತು. ನೀನು ಬಿಟ್ಟದ್ದು ಕೆಲಸವನ್ನು.

ಸುಳ್ಳು ಹೇಳುವುದಿಲ್ಲ, ಅದು ತಿಳಿದಾಗ ಮೊದಲು ನನಗೆ ಸಿಟ್ಟೇ ಬಂತು. ನನ್ನನ್ನು ಕೇಳದೆ, ಅವನನ್ನೂ ಕೇಳದೆ, ಮೂರು ವರ್ಷದ ಓದನ್ನು ಒಬ್ಬಳೇ ಕೂತು ಮಡಚಿಟ್ಟೆಯಲ್ಲ ಎಂದು. ಆಮೇಲೆ ಹಿಟ್ಟು ಹಾಗೇ ಬಿಟ್ಟು ತುಂಬ ಹೊತ್ತು ಕೂತಿದ್ದೆ. ನನ್ನಿಂದಾಗಿ ಏನನ್ನೂ ಬಾಯಿಬಿಟ್ಟು ಕೇಳದೆ ಇರುವುದು ನಿನಗೆ ಅಭ್ಯಾಸವಾಗಿದೆ ಎನ್ನಿಸಿ ದುಃಖವಾಯಿತು.

ಇವತ್ತು ಬೆಳಿಗ್ಗೆ ಒಳ್ಳೆ ಸೀರೆ ಉಟ್ಟುಕೊಂಡು ಬ್ಯಾಂಕಿಗೆ ಹೋದೆ. ಹೆಡ್ ಕ್ಯಾಷಿಯರ್ ಝಾಜಿ ಮುಂದೆ ನೀನು ಬಿಟ್ಟು ಹೋದ ಪ್ರಕಟಣೆಯ ಕಾಗದ ಇಟ್ಟು, ಆ ಸಾಲಿಗೆ ಸರಿಯಾದ ಅರ್ಥ ಹೇಳು ಎಂದೆ. ಅವನು ಕನ್ನಡಕ ಏರಿಸಿ ಓದಿ, "ಏನ್ ಮೌಸಿ, ಈ ವಯಸ್ಸಲ್ಲಿ ಪರೀಕ್ಷೆ ಕಟ್ತೀರೋ, ಮದುವೆ ಆಗ್ತೀರೋ?" ಎಂದ.

"ಎರಡೂ. ಮೊದಲು ಯಾವುದು ಮಾಡ್ಲಿ, ಅದನ್ನ ಹೇಳು."

ಅವನು ನಕ್ಕು ಬಿಡಿಸಿ ಹೇಳಿದ. ಅರ್ಜಿ ಹಾಕುವಾಗ, ಆಯ್ಕೆಯಾಗಿ ಕಾಗದ ತೋರಿಸಿ ಕೆಲಸಕ್ಕೆ ಸೇರುವಾಗ ಮರುಮದುವೆ ಆಗಿರಬಾರದು, ಅಷ್ಟೇ. ಸೇರಿದ ಮೇಲೆ ಆದರೆ ಬ್ಯಾಂಕು ಏನು ಮಾಡುತ್ತದೆ ಎಂದು ಕೇಳಿದೆ.

"ಏನ್ ಮಾಡುತ್ತೆ ಮೌಸಿ? ರಜಾ ಕೊಡುತ್ತೆ" ಎಂದ.

ಆದ್ದರಿಂದ ಈಗ ನಾನು ಹೇಳಿದಂತೆ ಕೇಳು. ಬಿರೇಂದ್ರನ ಮರಣ ಪ್ರಮಾಣಪತ್ರದ ಪ್ರತಿ ಇದರ ಜೊತೆ ಕಳಿಸುತ್ತೇನೆ. ಅದನ್ನು ನೋಡಿದಾಗಲೆಲ್ಲ ನಿನಗೆ ಏನಾಗುತ್ತದೆ ಎಂದು ಗೊತ್ತು, ನನಗೂ ಆಗುತ್ತದೆ. ಇರಲಿ, ಹೋದವನು ನಿನಗೆ ಒಂದು ದಾರಿ ಬಿಟ್ಟು ಹೋಗಿದ್ದಾನೆ ಎಂದುಕೋ. ಮರುಮದುವೆ ಆಗಿಲ್ಲ ಎಂಬ ಪ್ರಮಾಣಪತ್ರ ಆಮೇಲೆ ಬೇಕಾಗುತ್ತದಂತೆ, ಇಲ್ಲೇ ಮಾಡಿಸೋಣ. ಭಾಷೆಯ ಪರೀಕ್ಷೆ ನಿನಗೆ ನೀರು ಕುಡಿದಷ್ಟು ಸುಲಭ. ಫಾರ್ಮಿಗೆ ಎಡಗೈ ಹೆಬ್ಬೆರಳಿನ ಗುರುತು ಹಾಕಬೇಕು, ಶಾಯಿ ಹರಡದಂತೆ ಒತ್ತು. ನಾನು ಸಂಬಳದ ಪುಸ್ತಕದಲ್ಲಿ ಮೊದಲ ವರ್ಷವೆಲ್ಲ ಅದನ್ನೇ ಒತ್ತಿದವಳು, ಹದ ಗೊತ್ತು: ಒಮ್ಮೆ ಒತ್ತಿ ಎತ್ತಿಬಿಡಬೇಕು, ಉಜ್ಜಬಾರದು. ಕೈಬರಹದಲ್ಲೇ ಬರೆಯಬೇಕಾದ ಘೋಷಣೆಯನ್ನು ನಿಧಾನವಾಗಿ ಬರೆ.

ಪರೀಕ್ಷೆ ಬರೆ, ಪಾಸಾಗು, ಕೆಲಸಕ್ಕೆ ಸೇರು. ಪಾಸಾಗಲಿಲ್ಲವೋ, ಆಗಲೂ ನಷ್ಟವಿಲ್ಲ, ಆ ಸಾಲಿಗೆ ಹೆದರುವ ಕೆಲಸವೇ ಇರುವುದಿಲ್ಲ. ಅಲ್ಲಿಯವರೆಗೆ ಇಬ್ಬರೂ ತಡೆದುಕೊಳ್ಳಿ. ಆಮೇಲೆ ಮದುವೆ ನಾನೇ ನಿಂತು ಮಾಡಿಸುತ್ತೇನೆ. ಜನ ಏನಾದರೂ ಅಂದರೆ ನನ್ನ ಹತ್ತಿರ ಕಳಿಸು. ನನ್ನ ಪೊರಕೆ ಇನ್ನೂ ಗಟ್ಟಿಯಾಗಿದೆ.

ಶಿವಪೂಜನನಿಗೆ ನಾನಿನ್ನೂ ಏನೂ ಹೇಳಿಲ್ಲ. ನಾಚಿಕೆಯಾಗುತ್ತದೆ. ಅದನ್ನು ನೀನೇ ಹೇಳಿಕೋ. ಅತ್ತೆಗೆ ವಯಸ್ಸಾಗಿದೆ, ಏನೋ ತಪ್ಪು ತಿಳಿದಿದ್ದಳು ಎಂದುಬಿಡು, ಅವನು ನಂಬುತ್ತಾನೆ. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಅತ್ತೆ ಅಲ್ಲವೇ. ಆದರೂ ಕ್ಷಮಿಸು. ಹೊಟ್ಟೆ ತುಂಬ ಉಣ್ಣು.

ನಿನ್ನ
ಅಮ್ಮ
(ಕೌಲೇಸರಿ ದೇವಿ, ಸಹಿ ನಾನೇ ಮಾಡಿದ್ದು)

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಮರಣ ಪ್ರಮಾಣಪತ್ರದ ಪ್ರತಿ ತೆಗೆಸಬೇಕಲ್ಲ, ಈ ಊರಿನಲ್ಲಿ ಆ ಯಂತ್ರ ಸರಿಯಾಗಿರುವುದು ಅವನೊಬ್ಬನ ಅಂಗಡಿಯಲ್ಲಿ. ಹೋದೆ. ಕಾಗದ ಕೈಗೆ ಕೊಡುತ್ತಲೇ ಬಾಯಿಂದ ಎಲ್ಲ ಬಂದುಬಿಟ್ಟಿತು. "ಆವತ್ತು ನಾನು ಹೇಳಿದ್ದು ಸುಳ್ಳಪ್ಪಾ. ಹಾಗೆಲ್ಲ ಕಾನೂನಿಲ್ಲ" ಎಂದೆ.

"ಗೊತ್ತಿತ್ತು ಚಾಚಿ" ಎಂದ.

"ಏನ್ ಗೊತ್ತಿತ್ತು?"

"ವರ್ಷಕ್ಕೆ ಇನ್ನೂರು ಫಾರ್ಮ್ ತುಂಬ್ತೀನಿ. ಆ ಸಾಲು ನಂಗೆ ಬಾಯಿಪಾಠ."

"ಮತ್ತೆ ಯಾಕೋ ಬಾಯಿ ಮುಚ್ಕೊಂಡು ಎದ್ದು ಹೋದೆ?"

"ನಿಮಗೆ ಇಷ್ಟ ಇಲ್ಲ ಅಂತ ಗೊತ್ತಾಯ್ತು. ನೀವು ಒಪ್ಪದೆ ಅವರನ್ನ ಹೇಗೆ ಕೇಳ್ಲಿ?"

ನೀನು ಫಾರ್ಮ್ ತುಂಬುವುದಿಲ್ಲ ಎಂದ ಸಂಗತಿ ಹೇಳಿದಾಗ ಮಾತ್ರ ಅವನ ಮುಖ ಕಪ್ಪಿಟ್ಟಿತು. "ನನ್ನಿಂದಾನಾ? ಹಾಗಾದ್ರೆ ನನ್ನ ವಿಷ್ಯ ಬಿಟ್ಟುಬಿಡಿ ಚಾಚಿ. ಫಾರ್ಮ್ ತುಂಬೋಕೆ ಹೇಳಿ" ಎಂದ. ನಾನು ಪ್ರತಿ ತೆಗೆದುಕೊಂಡು ಬಂದೆ, ದಾರಿಯುದ್ದಕ್ಕೂ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಫಾರ್ಮ್ ನಾಳೆಯೇ ತುಂಬು. ಅವನ ವಿಷಯದಲ್ಲಿ ನಿನ್ನ ಮನಸ್ಸು ನಿನಗೆ ಸೇರಿದ್ದು, ಬೇಕಾದರೆ ಹೂಂ ಅನ್ನು, ಬೇಡವಾದರೆ ಬಿಡು. ನಾನಂತೂ ಅವನನ್ನು ಬಿಡುವುದಿಲ್ಲ. ಭಾನುವಾರ ಊಟಕ್ಕೆ ಕರೆದಿದ್ದೇನೆ.