ಕ್ಲಿಪ್ಪಿನೊಳಗೆ ಉಳಿದ ಹೋಸಿನ ತುಂಡು

ಮಂಗೋರ್ ಹಿಲ್, ವಾಸ್ಕೊ
12 ನವೆಂಬರ್ 2024

ಪ್ರೀತಿಯ ಮಗ ಭರತ,

ನಿನ್ನ ಅಪ್ಪ ಥಾವರಪ್ಪನ ಆಶೀರ್ವಾದ. ಹೇಗಿದ್ದೀ? ಕೊಚ್ಚಿಯ ಊಟ ಈಗಲಾದರೂ ಒಗ್ಗಿತೇ, ಇಲ್ಲ ಇನ್ನೂ ರೊಟ್ಟಿ ಸಿಗುವ ಖಾನಾವಳಿ ಹುಡುಕುತ್ತಿದ್ದೀಯಾ? ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಕನ್ನಡಕ ಹಾಕಿಕೋ, ಬೋಟ್ ಯಾರ್ಡಿನ ಹುಡುಗರೆಲ್ಲ ಬರಿಗಣ್ಣಲ್ಲೇ ಮಾಡುತ್ತಾರೆಂದು ನೀನೂ ಹಾಗೆ ಮಾಡಬೇಡ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಅವ್ವನ ಕೈ ವಾಸಿಯಾಗಿದೆ. ಮೊಣಕೈಯಿಂದ ಮುಂಗೈವರೆಗೆ ಚರ್ಮ ಇನ್ನೂ ತೆಳ್ಳಗಿದೆ, ಬಿಸಿಲು ಬಿದ್ದರೆ ಉರಿಯುತ್ತದೆ ಅನ್ನುತ್ತಾಳೆ. ಆದರೆ ಸೂಜಿ ಹಿಡಿಯುತ್ತಾಳೆ, ಕನ್ನಡಿ ಕೂಡಿಸಿ ಹೊಲಿಯುತ್ತಾಳೆ, ಚೀಲಗಳ ಗಂಟು ಹೊತ್ತು ಬಸ್ಸು ಹತ್ತಿ ಬೀಚಿಗೆ ಮಾರಲು ಹೋಗುತ್ತಾಳೆ. ನನ್ನ ಮಂಡಿಯ ವಿಷಯ ಕೇಳಬೇಡ, ಅದು ನನಗಿಂತ ಹಟಮಾರಿ.

ಮಾತು ನನ್ನದು, ಅಕ್ಷರ ವಿದ್ಯಾಳದು. ನಿನ್ನ ತಂಗಿ ನಾನು ಹೇಳಿದ್ದನ್ನೆಲ್ಲ ತಿದ್ದಿ ಚಂದ ಮಾಡಿ ಬರೆಯುತ್ತಿದ್ದಾಳೆ, ಮಧ್ಯೆ ಮಧ್ಯೆ ನನ್ನನ್ನು ನೋಡಿ ನಗುತ್ತಿದ್ದಾಳೆ. ಈ ಕಾಲದಲ್ಲಿ ಕಾಗದ ಏಕೆ ಎಂದು ಕೇಳಬಹುದು ನೀನು. ಮತ್ತೇನು ಮಾಡಲಿ? ನನ್ನ ಫೋನು ಎತ್ತುವುದಿಲ್ಲ. ಅವ್ವನ ಹತ್ತಿರ, ತಂಗಿಯ ಹತ್ತಿರ ಮಾತಾಡುತ್ತೀ, ಗಾಡಿಯ ಹೆಸರು ಬಂದ ಕೂಡಲೇ ಕಟ್ ಮಾಡುತ್ತೀ. ಹತ್ತು ತಿಂಗಳಾಯಿತು. ಈಗ ಮಸ್ಕತ್ತಿಗೆ ಎರಡು ವರ್ಷದ ಕರಾರು ಬಂದಿದೆಯಂತೆ, ಇಪ್ಪತ್ತೈದನೇ ತಾರೀಖಿಗೆ ಸಹಿ ಹಾಕುತ್ತೀಯಂತೆ. ಹೋಗುವುದಾದರೆ ಹೋಗು, ನಾನು ಅಡ್ಡ ಬರುವುದಿಲ್ಲ. ಆದರೆ 'ಅವ್ವನ ಕೈ ಸುಟ್ಟವನು ನಾನೇ' ಎಂದು ನೀನು ತಲೆಯಲ್ಲಿಟ್ಟುಕೊಂಡು ಹೋಗಬೇಡ. ಸಹಿ ಹಾಕುವ ಮೊದಲು ಈ ಕಾಗದವನ್ನು ಕೊನೆಯವರೆಗೆ ಓದು, ಇಷ್ಟೇ ನಾನು ಕೇಳುವುದು.

ಆ ದಿನದ್ದನ್ನು ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ. ಆದರೂ ಬರೆಸುತ್ತೇನೆ, ಏಕೆಂದರೆ ನಾನು ಆ ದಿನವನ್ನು ತಪ್ಪಾಗಿ ನೋಡಿದೆ. ಎರಡು ವರ್ಷ ನಾವಿಬ್ಬರೂ ಆ ಪಿಕಪ್ಪಿನ ಬೆನ್ನು ಹತ್ತಿದ್ದೆವು. ಕೆಪೆಯ ಸೋಫಿಯಾಬಾಯಿಯ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಎಪ್ಪತ್ತು ವರ್ಷದ ಹಳೇ ಬಾಡಿ, ಗುಜರಿಯಿಂದ ತಂದ ಜೀಪಿನ ಡೀಸೆಲ್ ಎಂಜಿನ್ನು, ಅವೆರಡನ್ನೂ ಕೂಡಿಸಿದ ನಿನ್ನ ಬೆಸುಗೆ. ಹೊಸ ರೇಡಿಯೇಟರ್ ಹಾಕೋಣ ಅಂದೆ ನಾನು. ಬೇಡ, ಹಳೇ ಹಿತ್ತಾಳೆಯದ್ದೇ ಇರಲಿ, ಗಾಡಿಯ ಮುಖದ ಕಳೆ ಅದರಲ್ಲೇ ಇದೆ ಅಂದೆ ನೀನು. ನೀನೇ ಗೆದ್ದೆ. ಅವ್ವ ಗಂಟು ಹೊತ್ತು ಬಸ್ಸಿಗೆ ಓಡುವುದು ನಿಲ್ಲಬೇಕೆಂದು ನೀನು ಹಟ ಹಿಡಿಯದಿದ್ದರೆ ಆ ಗಾಡಿ ಹುಟ್ಟುತ್ತಲೇ ಇರಲಿಲ್ಲ. ಜನವರಿಯ ಆ ಭಾನುವಾರ ಮೊದಲ ಸಲ ದೂರ ಹೊರಟೆವು, ಸೋಫಿಯಾಬಾಯಿಗೆ ತೋರಿಸಿ ಬರೋಣವೆಂದು. ವೆರ್ಣಾದ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ನೀನು ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದೆ. ಬಿಸಿಲಲ್ಲಿ ನಿಂತ ಮಗ ನೀರು ಕುಡಿಯಲಿ ಎಂದು ನಿನ್ನ ಅವ್ವ ಬಾಟಲಿ ಹಿಡಿದು ಕೆಳಗಿಳಿದಳು. ಅಷ್ಟರಲ್ಲಿ ಮೇಲಿನ ಹೋಸ್ ಪೈಪು ಒಡೆದು ಕುದಿಯುವ ನೀರು ಆಕೆಯ ಬಲಗೈ ಮೇಲೆ ಬಿತ್ತು. ದಿನವೂ ಅವ್ವಾ ಅನ್ನುವವನು ಆಗ ನಮ್ಮ ಮನೆಮಾತಿನಲ್ಲಿ 'ಯಾಡಿ' ಎಂದು ಕೂಗಿದೆ, ನೀನು ಚಿಕ್ಕವನಿದ್ದಾಗ ಹೆದರಿದರೆ ಕೂಗುತ್ತಿದ್ದ ಹಾಗೆ. ಆ ಹೊತ್ತಿನಲ್ಲಿ ನಾನು ಮಾಡಿದ್ದೇನು? ನಡುರಸ್ತೆಯಲ್ಲಿ ಜನರ ಮುಂದೆ ನಿನ್ನನ್ನು ಬೈದೆ. 'ಒಂದು ಕ್ಲಿಪ್ ಬಿಗಿ ಮಾಡಾಕ ಬರೂದಿಲ್ಲ ನಿನಗ, ನೀ ಎಂಥಾ ಕೆಲಸಗಾರಲೇ?' ಅಂದೆ. ಆಸ್ಪತ್ರೆಯಲ್ಲಿ ಡಾಕ್ಟರು, ಸುಟ್ಟ ಗಾಯಕ್ಕೆ ಅರಿಸಿನ ಹಚ್ಚಿದವರು ಯಾರು ಎಂದು ಗದರಿದಾಗ ನೀನು ವಿದ್ಯಾಳ ಮುಖ ನೋಡಿದೆ, ಅವಳು ನಿನ್ನ ಮುಖ ನೋಡಿದಳು. ನಾನು ಹಚ್ಚಿಲ್ಲ, ಅಣ್ಣನೇ ಹಚ್ಚಿರಬೇಕು ಎಂದು ಅವಳು ಈಗಲೂ ಹೇಳುತ್ತಿದ್ದಾಳೆ. ಅದನ್ನೂ ಬರಿ ಅಂದಿದ್ದೇನೆ. ಅವ್ವ ಮನೆಗೆ ಬಂದ ಎಂಟು ದಿನಕ್ಕೆ ನೀನು ಕೊಚ್ಚಿಗೆ ರೈಲು ಹತ್ತಿದೆ.

ಗಾಡಿಯನ್ನು ಟೋ ಮಾಡಿಸಿ ತಂದು ಮನೆಯ ಪಕ್ಕ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದೆ. ಇಡೀ ಮಳೆಗಾಲ ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಒಂದು ದಿನ ನಿನ್ನ ಅವ್ವ ಗಂಟು ಹೊತ್ತು ಆ ತಾಡಪತ್ರಿಯ ಪಕ್ಕದಲ್ಲೇ ಬಸ್ಸಿಗೆ ಹೋಗುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಹೋಗಿ ಬಾನೆಟ್ ಎತ್ತಿದೆ. ಮೊದಲು ಕಂಡದ್ದೇ ಹೋಸಿಗೆ ನೀನು ಬಿಗಿದ ಕ್ಲಿಪ್ಪು. ಭರತ, ಹೋಸ್ ಕಳಚಿ ಬಂದಿರಲಿಲ್ಲ, ಹರಿದಿತ್ತು. ಅದರ ತುದಿ ರೇಡಿಯೇಟರಿನ ಕೊಳವೆಯ ಮೇಲೆ ಕ್ಲಿಪ್ಪಿನೊಳಗೆ ಹಾಗೇ ಕೂತಿತ್ತು. ಕ್ಲಿಪ್ಪು ಸಡಿಲವಿದ್ದರೆ ಇಡೀ ಪೈಪು ಜಾರಿ ಬರಬೇಕಿತ್ತು, ಇದು ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದ ನನಗೆ ಗೊತ್ತಿಲ್ಲವೇ? ಆ ದಿನ ಬಗ್ಗಿ ನೋಡುವಷ್ಟು ತಾಳ್ಮೆ ಇರಲಿಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಹಾಗಾದರೆ ಎಂಜಿನ್ನು ಕುದಿದದ್ದೇಕೆ? ಅದನ್ನು ಹುಡುಕದೆ ಈ ಗಾಡಿಯಲ್ಲಿ ಮತ್ತೆ ಯಾರನ್ನೂ ಕೂಡಿಸಬಾರದು ಎಂದು ಮನಸ್ಸು ಗಟ್ಟಿ ಮಾಡಿದೆ.

ಆ ಕ್ಲಿಪ್ಪನ್ನು ಬಿಚ್ಚಲು ಮನಸ್ಸಾಗಲಿಲ್ಲ, ಅದರಾಚೆ ಉಳಿದಿದ್ದ ತುಂಡಿಗೇ ಒಂದು ಜೋಡಣೆಯ ಕೊಳವೆ ಕೊಟ್ಟು ಹೊಸ ಹೋಸ್ ಹಾಕಿ ಶುರು ಮಾಡಿದೆ. ನಿಂತಲ್ಲಿ ಕಾಲು ಗಂಟೆ ಓಡಿಸಿದರೆ ಮುಳ್ಳು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ನಮ್ಮ ಗುಡ್ಡದ ಏರು ಹತ್ತಿಸಿದರೆ ಮುಗಿಯಿತು, ನೋಡನೋಡುತ್ತಲೇ ಕೆಂಪಿನ ಕಡೆಗೆ ಹೊರಡುತ್ತಿತ್ತು. ನಿನ್ನ ಫ್ಯಾನಿನ ಮೇಲೆ ಅನುಮಾನ ಬಂತು, ಎಲೆ ತಿರುವು ಮುರುವಾಗಿ ಕೂಡಿಸಿದ್ದೀಯೇನೋ ಎಂದು. ವಿದ್ಯಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ರೇಡಿಯೇಟರಿನ ಮುಂದೆ ಹಿಡಿದೆ. ಫಟ್ಟನೆ ಜಾಲರಿಗೆ ಅಂಟಿಕೊಂಡಿತು. ಗಾಳಿ ಒಳಗೇ ಎಳೆಯುತ್ತಿದೆ, ಫ್ಯಾನು ಸರಿ. ಬೆಲ್ಟ್ ನೋಡಿದೆ, ಸರಿ. ವಾಟರ್ ಪಂಪು ಬಿಚ್ಚಿದೆ, ಸರಿ. ನೀರನ್ನು ತಡೆದು ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಅಡುಗೆಮನೆಗೆ ಒಯ್ದು ನೀರಿನ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ನೀರು ಕಾದಂತೆ ಅದು ಬಾಯಿ ತೆರೆಯಿತು. ಅದೂ ಸರಿ. ನಿನ್ನ ಅವ್ವ ನನ್ನ ಪಕ್ಕ ನಿಂತು ಮಸಾಲೆ ಡಬ್ಬಿಗಳನ್ನು ಒಂದೊಂದಾಗಿ ಒರೆಸಿ ಇಡುತ್ತಿದ್ದಳು, ನನ್ನ ಪಾತ್ರೆ ಕೆಡಿಸಿದಿರಿ ಎಂದು ಬೈಯಲೂ ಇಲ್ಲ. ನೀನು ಮಾಡಿದ ಒಂದೊಂದನ್ನೂ ಬಿಚ್ಚಿ ನೋಡಿದೆ, ಒಂದರಲ್ಲೂ ತಪ್ಪು ಸಿಗಲಿಲ್ಲ. ನಿಜ ಹೇಳುತ್ತೇನೆ, ಒಂದೊಂದು ಸರಿ ಎನಿಸಿದಾಗಲೂ ನನಗೆ ಸಂತೋಷಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಕೊನೆಗೆ ಉಳಿದದ್ದು ರೇಡಿಯೇಟರ್. ಎಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿ, ಅದರ ಮೈಮೇಲೆ ಅಲ್ಲಲ್ಲಿ ಕೈ ಇಟ್ಟು ನೋಡಿದೆ. ಮೇಲೆ ಸುಡುತ್ತಿತ್ತು. ನಡುವೆ ಎರಡು ಗೇಣಿನಷ್ಟು ಜಾಗ ತಣ್ಣಗಿತ್ತು. ಅಲ್ಲಿ ನೀರೇ ಹರಿಯುತ್ತಿರಲಿಲ್ಲ. ಬಿಚ್ಚಿಕೊಂಡು ಮಕ್ತುಮಸಾಬರ ಅಂಗಡಿಗೆ ಹೋದೆ. ಗೊತ್ತಲ್ಲ, ನಮ್ಮ ಇಂಡಿ ಕಡೆಯವರು, ವಾಸ್ಕೊದಲ್ಲಿ ಅವರಷ್ಟು ರೇಡಿಯೇಟರ್ ಬಿಚ್ಚಿದವರು ಇನ್ನೊಬ್ಬರಿಲ್ಲ. ಅವರು ಉರಿ ಹಿಡಿದು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿದರು. ಸಣ್ಣ ನಳಿಗೆಗಳಲ್ಲಿ ಮುಕ್ಕಾಲು ಪಾಲು ಕಟ್ಟಿಹೋಗಿದ್ದವು. ತಂತಿ ಹಾಕಿ ತಳ್ಳಿದರೆ ಗಟ್ಟಿ ಕೆಸರು ಹೊರಗೆ ಬಿತ್ತು. ಅವರು ಅದನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ, ನನ್ನನ್ನು ಒಂದು ಮಾತು ಕೇಳಿದರು. ಅದನ್ನು ಇಲ್ಲಿ ಬರೆಸುವುದು ಬೇಡ. ಹಳೇ ರೇಡಿಯೇಟರ್, ಹಳೇ ಕೆಸರು, ಅಷ್ಟೇ. (ಏನು ಕೇಳಿದರು ಎಂದು ವಿದ್ಯಾ ಪೆನ್ನು ನಿಲ್ಲಿಸಿ ಕೂತಿದ್ದಾಳೆ. ಮುಂದೆ ಬರಿ ಅಂದೆ.) ಅವರು ಎಲ್ಲ ನಳಿಗೆ ಕೆರೆದು, ಸೋರುವಲ್ಲಿ ಬೆಸುಗೆ ಹಾಕಿ, ಹೋಸ್ ಕೂಡಿಸುವ ಕೊಳವೆ ತೂತು ಬಿದ್ದಿದ್ದರಿಂದ ಅದನ್ನು ಕ್ಲಿಪ್ಪಿನ ಸಮೇತ ಕೊಯ್ದು ತೆಗೆದು ಬೇರೆ ಹಾಕಿ ಕೊಟ್ಟರು.

ಮೊನ್ನೆ ಭಾನುವಾರ ಹೊರಟೆ. ನಿನ್ನ ಅವ್ವನನ್ನು ಕರೆದೆ. 'ನಾ ಒಲ್ಲೆ' ಅಂದಳು, ಅಷ್ಟೇ. ಸುಟ್ಟ ಕೈ, ಹೆದರಿಕೆ ಇರುತ್ತದೆ ಎಂದು ನಾನೂ ಸುಮ್ಮನಾದೆ. ಮಕ್ತುಮಸಾಬರು ಪಕ್ಕದಲ್ಲಿ ಕೂತರು. ದಾಬೋಳಿ ದಾಟುವವರೆಗೆ ಮಾತಾಡಿದೆವು, ಆಮೇಲೆ ಇಬ್ಬರ ಕಣ್ಣೂ ಮುಳ್ಳಿನ ಮೇಲೆಯೇ. ವೆರ್ಣಾದ ಏರು ಶುರುವಾಯಿತು. ಮುಳ್ಳು ಅರ್ಧ ಮುಟ್ಟಿತು. ಅರ್ಧ ದಾಟಿತು. ಹಿಂದೆ ಒಂದು ಟ್ಯಾಂಕರಿನವನು ಹಾರ್ನ್ ಒತ್ತುತ್ತಿದ್ದ. 'ನಿಲ್ಲಸಬ್ಯಾಡ್ರಿ, ಥಾವರಪ್ಪ, ಹಂಗ ಹೋಗ್ರಿ' ಅಂದರು ಮಕ್ತುಮಸಾಬರು. ನೀನು ಅಂದು ಗಾಡಿ ನಿಲ್ಲಿಸಿದ ಜಾಗ ಬಂತು, ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ತೆಗೆದೆ. ಮುಳ್ಳು ಇನ್ನೂ ಒಂದು ಗೆರೆ ಏರಿತು, ಅಲ್ಲೇ ನಡುಗುತ್ತ ನಿಂತಿತು, ಮೇಲಿನ ಬಯಲು ಸಿಕ್ಕಿದ ಮೇಲೆ ನಿಧಾನವಾಗಿ ಕೆಳಗಿಳಿಯಿತು. ಮಕ್ತುಮಸಾಬರು 'ಯಾ ಅಲ್ಲಾ' ಎಂದು ಉಸಿರು ಬಿಟ್ಟರು. ನನಗೆ ಅಳು ಬಂತು, ಮುಚ್ಚಿಡುವುದೇಕೆ. ಕೆಪೆಯವರೆಗೂ ಹೋದೆವು. ಸೋಫಿಯಾಬಾಯಿ ಮೆಟ್ಟಿಲಿಳಿದು ಬಂದು ಬಾನೆಟ್ ಸವರಿದರು. ಆಮೇಲೆ ನನ್ನ ಹಿಂದೆ ಮುಂದೆ ಹುಡುಕಿ, 'ತುಜೊ ಪೂತ್ ಖಂಯ್?' ಎಂದು ಕೇಳಿದರು. ನಿನ್ನ ಮಗ ಎಲ್ಲಿ ಎಂದು. ಕೊಚ್ಚಿಯಲ್ಲಿ ಕೆಲಸದ ಮೇಲಿದ್ದಾನೆ ಅಂದೆ. ಕೋಳಿ ಕೂರುತ್ತಿದ್ದ ಜಾಗದಲ್ಲಿ ಇಷ್ಟು ಚಂದದ ಗಾಡಿ ಇತ್ತೆಂದು ನನಗೇ ಗೊತ್ತಿರಲಿಲ್ಲ ಎಂದು ನಿನಗೆ ಹೇಳಲು ತಿಳಿಸಿದ್ದಾರೆ.

ಹೀಗಿದೆ ಸುದ್ದಿ. ಗಾಡಿ ಸರಿಯಾಗಿದೆ, ನಿನ್ನ ಕೆಲಸದಲ್ಲಿ ತಪ್ಪಿಲ್ಲ. ನಿನ್ನ ಅವ್ವ ಶೇಂಗಾ ಹೋಳಿಗೆ ಮಾಡಿದ್ದಾಳೆ, ಈ ಪೊಟ್ಟಣದಲ್ಲೇ ಇಟ್ಟಿದ್ದೇವೆ, ಇರುವೆಗೆ ಮೊದಲು ನೀನು ತಿನ್ನು. ವಿದ್ಯಾಳ ನಮಸ್ಕಾರ. ಸೇವಾಲಾಲರು ನಿನ್ನ ಕಣ್ಣನ್ನೂ ಕೈಯನ್ನೂ ಕಾಯಲಿ, ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗುವಂತಾಗಲಿ.

ನಿನ್ನ ಅಪ್ಪ,
ಥಾವರಪ್ಪ

ತಾ.ಕ.: ಪೊಟ್ಟಣಕ್ಕೆ ಸುತ್ತುವ ಬಟ್ಟೆ ತರಲು ವಿದ್ಯಾ ಅಂಗಡಿಗೆ ಹೋಗಿದ್ದಾಳೆ. ಇದು ನನ್ನದೇ ಕೈಬರಹ, ಸೊಟ್ಟಗಿದೆ, ಓದಿಕೋ. ಆ ಕೆಸರು ಹಳೆಯದಲ್ಲ. ಅದು ಅರಿಸಿನ. ಹೊರಡುವ ಹಿಂದಿನ ಸಂಜೆ ನೀನು ಹೂವಿನ ಮಾಲೆ ತರಲು ಹೋದಾಗ ರೇಡಿಯೇಟರ್ ಹನಿ ಹನಿಯಾಗಿ ಸೋರುವುದು ಕಂಡಿತು. ಅದಿರಿನ ಲಾರಿಯಲ್ಲಿ ನಾವು ಡ್ರೈವರುಗಳೆಲ್ಲ ಮಾಡುತ್ತಿದ್ದ ಉಪಾಯ, ಸೋರುವ ರೇಡಿಯೇಟರಿಗೆ ಒಂದು ಚಿಟಿಕೆ ಅರಿಸಿನ ಹಾಕಿದರೆ ತೂತು ಮುಚ್ಚುತ್ತದೆ, ಅದಿರು ಇಳಿಸುವ ಜೆಟ್ಟಿ ಮುಟ್ಟುವವರೆಗೆ ಸಾಕಾಗುತ್ತದೆ. ನಾನು ಒಂದು ಮುಷ್ಟಿ ಹಾಕಿದೆ. ನಿಲ್ಲಲಿಲ್ಲ, ಇನ್ನೊಂದು ಹಾಕಿದೆ. ನಿನಗೆ ಹೇಳಿದರೆ ಹೊಸದು ಹಾಕಬೇಕಿತ್ತು ಎಂದು ನಾನೇ ಗೆದ್ದ ಹಾಗೆ ಆಗುತ್ತಿತ್ತು, ಆದರೆ ಮರುದಿನದ ಪ್ರಯಾಣ ನಿಲ್ಲುತ್ತಿತ್ತು. ನಿನ್ನ ಉತ್ಸಾಹ ಕೆಡಿಸಲು ಮನಸ್ಸಾಗಲಿಲ್ಲ. ಅವ್ವನ ಕೈಗೆ ಅರಿಸಿನ ಯಾರೂ ಹಚ್ಚಿರಲಿಲ್ಲ ಭರತ, ಅದು ನೀರಿನಲ್ಲೇ ಬಂದಿತ್ತು. ಡಾಕ್ಟರು ಕೇಳಿದಾಗಲೇ ನನಗೆ ಹೊಳೆಯಿತು. ಎರಡು ಮುಷ್ಟಿಯಿಂದ ಇಷ್ಟೆಲ್ಲ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ನಿನ್ನನ್ನು ರೈಲು ಹತ್ತಲು ಬಿಟ್ಟೆ. ಮಕ್ತುಮಸಾಬರು ಕೇಳಿದ್ದು ಇದನ್ನೇ: 'ಯಾರ್ರಿ ಇದಕ್ಕ ಅರಿಸಿನ ಹಾಕಿದವ್ರು?'

ಭಾನುವಾರ ಕೆಪೆಯಿಂದ ಬಂದು ನಿನ್ನ ಅವ್ವನಿಗೆ, ಈಗಾದರೂ ಹತ್ತು, ಹೆದರಬೇಡ ಅಂದೆ. 'ನಾ ಹೆದರಿಲ್ರಿ. ನನ್ನ ಅರಿಸಿನದ ಡಬ್ಬಿ ಖಾಲಿ ಆಗಿದ್ದು ನನಗ ಅವತ್ತಽ ಗೊತ್ತಿತ್ತು. ಮಗಗ ನೀವಽ ಹೇಳ್ತೀರಂತ ಹತ್ತು ತಿಂಗಳ ಕಾದೇನಿ. ನೀವು ಹೇಳೂತನಕ ನಾ ಆ ಗಾಡಿ ಹತ್ತೂದಿಲ್ಲ' ಅಂದಳು. ಹೇಳಿದ್ದೇನೆ. ತಪ್ಪು ನನ್ನದು, ಪೂರ್ತಿ ನನ್ನದು. ಮಸ್ಕತ್ತಿಗೆ ಹೋಗುವುದಾದರೂ ಒಂದು ದಿನ ಬಂದು ಅವ್ವನನ್ನು ಕೂಡಿಸಿಕೊಂಡು ನೀನೇ ಓಡಿಸಿ ಹೋಗು. ವಿದ್ಯಾ ಮೆಟ್ಟಿಲು ಹತ್ತುತ್ತಿದ್ದಾಳೆ, ಮುಗಿಸುತ್ತೇನೆ. ಹೋಳಿಗೆಯ ಕೆಳಗೆ ಕಾಗದದಲ್ಲಿ ಸುತ್ತಿದ್ದು ರೇಡಿಯೇಟರಿನ ಹಳೇ ಕೊಳವೆ, ಅದರ ಮೇಲೆ ಹೋಸಿನ ತುಂಡು, ಅದರ ಮೇಲೆ ನಿನ್ನ ಕ್ಲಿಪ್ಪು. ನೀನು ಬಿಗಿ ಮಾಡಿದ ಮೇಲೆ ಯಾರೂ ಸ್ಕ್ರೂ ಸಡಿಲಿಸಿಲ್ಲ. ಕೈಯಿಂದ ತಿರುಗಿಸಿ ನೋಡು. ನನ್ನಿಂದ ಆಗಲಿಲ್ಲ.