ಎಂಟನೇ ತರಗತಿಯಲ್ಲಿ ಒಬ್ಬಳೇ

ಫೆಬ್ರವರಿ 11, ಮಂಗಳವಾರ

ಇವತ್ತೂ ಗ್ರೇಟಾ ಅದೇ ರಾಗ ತೆಗೆದಳು. "ಅಮ್ಮಾ, ನನ್ನನ್ನ ಪೇಟೆ ಶಾಲೆಗೆ ಹಾಕು. ಎಂಟನೇ ಕ್ಲಾಸಲ್ಲಿ ನಾನೊಬ್ಳೇ. ಯಾರ ಜೊತೆ ಮಾತಾಡ್ಲಿ, ಗೋಡೆ ಜೊತೆನಾ?"

ಮಗಳು ಹೇಳುವುದು ಸರಿ. ಆದರೆ ಈ ಶಾಲೆಯ ಮುಖ್ಯಸ್ಥೆ ನಾನು. ನನ್ನ ಮಗಳೇ ಹೊರಟರೆ ಉಳಿದವರು ಸುಮ್ಮನಿರುತ್ತಾರೆಯೇ? ಕಾನ್ಸಾಸಿನ ಈ ಗೋಧಿ ಬಯಲಿನಲ್ಲಿ ಹಳಬರ ಮನೆಗಳಲ್ಲಿ ಮಕ್ಕಳೇ ಇಲ್ಲ. ಡೈರಿ ಕೆಲಸಕ್ಕೆಂದು ಗ್ವಾಟೆಮಾಲಾದಿಂದ ಬಂದವರ ಮಕ್ಕಳಿಂದಲೇ ನಮ್ಮ ಶಾಲೆ ಮುಚ್ಚದೆ ಉಳಿದಿದೆ.

ಸಂಜೆ ಅವರಲ್ಲೊಬ್ಬಳು, ಎಲ್ವಿರಾ, ಮನೆಗೆ ಬಂದಿದ್ದಳು. ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ. ನಾಲ್ಕು ಮಕ್ಕಳು ಅವಳಿಗೆ. "ಈ ಶಾಲೆ ಉಳಿಯುತ್ತಾ ಮೇಡಂ? ನಿಮ್ಮ ಮಗಳು ಇಲ್ಲೇ ಓದೋದಾದ್ರೆ ನಾವೂ ಇಲ್ಲೇ ಇರ್ತೀವಿ" ಎಂದಳು.

"ಇಲ್ಲೇ ಓದ್ತಾಳೆ" ಎಂದುಬಿಟ್ಟೆ. ಹಿಂದೆ ಗ್ರೇಟಾ ನಿಂತಿದ್ದು ಗೊತ್ತಿದ್ದೂ.

ಊಟಕ್ಕೆ ಕೂತಾಗ ರಂಪ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ತಟ್ಟೆ ನೋಡುತ್ತಾ, "ಅವರ ಸಣ್ಣ ಮಗಳಿಗೆ ಓದೋಕೆ ಬರಲ್ಲ. ನಾನೇ ಹೇಳಿಕೊಡ್ತೀನಿ ಬಿಡು" ಎಂದಳು. ಥೇಟ್ ನನ್ನ ದನಿ.

ಜಗಳವಾಡಿದ್ದರೆ ಸೋತು ಕಳಿಸಿಬಿಡುತ್ತಿದ್ದೆನೇನೋ. ಈಗ ಅವಳನ್ನೂ ನನ್ನ ಜೊತೆಗೇ ಇಲ್ಲಿ ಕಟ್ಟಿಹಾಕಿಬಿಟ್ಟೆ.